ಕಡಲ ಬದಿಯಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವವರಿಗೆ: ಮೇಯಲ್ಲಿ ಬಾವಿ ನೋಡಿ, ಜುಲೈಯಲ್ಲಿ ಗೋಡೆ ನೋಡಿ

ಉಡುಪಿ ಜಿಲ್ಲೆಯ ಮಲ್ಪೆ, ಕಾಪು, ಪಡುಬಿದ್ರಿ ಕಡೆಯ ಮನೆಗಳು ತುಂಬ ಚೆಂದ ಕಾಣುವುದು ಡಿಸೆಂಬರ್, ಜನವರಿಯಲ್ಲಿ. ಬಾವಿಯಲ್ಲಿ ನೀರು ಮೇಲಿರುತ್ತದೆ, ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತದೆ, ಕಡಲು ಸೌಮ್ಯವಾಗಿರುತ್ತದೆ, ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳ ಸಾಲು. ಆ ಎರಡು ತಿಂಗಳು ನೋಡಿ ಅಡ್ವಾನ್ಸ್ ಕೊಟ್ಟವರು ಮೇಯಲ್ಲಿ ಟ್ಯಾಂಕರ್ ನೀರಿಗೆ ಫೋನ್ ಮಾಡುತ್ತಾರೆ, ಜುಲೈಯಲ್ಲಿ ಹಾಸಿಗೆಗೆ ಹಿಡಿದ ಬೂಸ್ಟು ಒರೆಸುತ್ತಾರೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡಲೆಂದು ಕರಾವಳಿಯಲ್ಲಿ ಮನೆ ಕೊಳ್ಳುವವರು ಲೆಕ್ಕ, ಜಾಗ, ಕಾಗದಪತ್ರ, ಕಟ್ಟಡ ಎಲ್ಲವನ್ನೂ ವರ್ಷದ ಕೆಟ್ಟ ತಿಂಗಳುಗಳಿಂದ ಹಿಂದಕ್ಕೆ ನೋಡುತ್ತಾ ಬರಬೇಕು.

ಮೊದಲು ಲೆಕ್ಕ

ಇಲ್ಲಿ ಪ್ರವಾಸಿಗರ ಹಂಗಾಮು ಅಕ್ಟೋಬರ್‌ನಿಂದ ಮೇವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ, ನೀರಿಗೆ ಇಳಿಯಲೂ ಬಿಡುವುದಿಲ್ಲ. ಹಾಗಾಗಿ 365 ದಿನದ ಲೆಕ್ಕವನ್ನು ಬಿಟ್ಟುಬಿಡಿ. ಹೊಸ ಮನೆಗೆ ಮೊದಲ ವರ್ಷ 120 ರಾತ್ರಿ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಒಂದು ಮಾದರಿ ಲೆಕ್ಕ ನೋಡೋಣ. ದರಗಳನ್ನು ನಿಮ್ಮ ಊರಿನದ್ದಕ್ಕೆ ಬದಲಿಸಿಕೊಳ್ಳಿ. 12 ಸೆಂಟ್ಸ್ ಜಾಗ, ಎರಡು ಮಲಗುವ ಕೋಣೆಯ ಮನೆ, ಬೆಲೆ 80 ಲಕ್ಷ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಗ್ರಾಮೀಣ ಭಾಗದಲ್ಲಿ ಒಟ್ಟು ಶೇ 7.65, ಅಂದರೆ 6.12 ಲಕ್ಷ. ವಕೀಲರು, ಸರ್ವೆ, ರಿಪೇರಿ, ಮಂಚ, ಎಸಿ ಎಲ್ಲ ಸೇರಿ ಇನ್ನೊಂದು 10 ಲಕ್ಷ. ಅಲ್ಲಿಗೆ ಕೈಯಿಂದ ಹೋಗುವುದು 96 ಲಕ್ಷ.

ಬರುವುದು ಇಷ್ಟು: ವಾರಾಂತ್ಯದ 45 ರಾತ್ರಿಗೆ 5,500ರಂತೆ 2,47,500. ಡಿಸೆಂಬರ್ ಕೊನೆ, ದಸರಾ, ಉದ್ದ ರಜೆಗಳ 20 ರಾತ್ರಿಗೆ 8,000ದಂತೆ 1,60,000. ವಾರದ ದಿನಗಳ 40 ರಾತ್ರಿಗೆ 3,500ರಂತೆ 1,40,000. ಮಳೆಗಾಲದ 15 ರಾತ್ರಿಗೆ 3,000ದಂತೆ 45,000. ಒಟ್ಟು 5,92,500 ರೂಪಾಯಿ.

ಹೋಗುವುದು: ಬುಕಿಂಗ್ ಆ್ಯಪ್‌ಗಳ ಕಮಿಷನ್ ಸುಮಾರು 53,000. ಗುಡಿಸಿ ಒರೆಸುವುದು, ಬಟ್ಟೆ ಒಗೆಸುವುದು 54,000. ಮನೆ ನೋಡಿಕೊಳ್ಳುವವರಿಗೆ ತಿಂಗಳಿಗೆ 12,000ದಂತೆ 1,44,000. ಕರೆಂಟು, ನೀರು, ಇಂಟರ್‌ನೆಟ್ 60,000. ಮಳೆಗಾಲದ ಮುಂಚಿನ ಮತ್ತು ನಂತರದ ಕೆಲಸಕ್ಕೆ 60,000. ತೆರಿಗೆ, ವಿಮೆ, ಪರವಾನಗಿಗೆ 25,000. ಒಟ್ಟು 3,96,000. ಕೈಯಲ್ಲಿ ಉಳಿಯುವುದು 1.96 ಲಕ್ಷ, ಅಂದರೆ ಹಾಕಿದ ಹಣಕ್ಕೆ ಶೇ 2ರ ಆಸುಪಾಸು. ಇದೇ ಮನೆಗೆ 60 ಲಕ್ಷ ಸಾಲ ಮಾಡಿದರೆ, ಶೇ 8.5 ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ 52,000 ದಾಟುತ್ತದೆ. ವರ್ಷದ ಕಂತೇ ಆರೂಕಾಲು ಲಕ್ಷ, ಬರುವ ಒಟ್ಟು ಬಾಡಿಗೆಗಿಂತಲೂ ಹೆಚ್ಚು. ಬಾಡಿಗೆಯಿಂದಲೇ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಟ್ಟು ತುಂಬಿಸಿಕೊಡಲು ಹೇಳಿ.

ಈ ಲೆಕ್ಕ ಗೆಲ್ಲುವುದು ಎರಡು ಕಡೆ. ಒಂದು, ಹಿರಿಯರ ಮನೆಯೊಂದು ಬೀಗ ಹಾಕಿ ನಿಂತಿದ್ದರೆ. ಜಾಗದ ಖರ್ಚಿಲ್ಲ, 15 ಲಕ್ಷದಲ್ಲಿ ರಿಪೇರಿ ಮಾಡಿಸಿದರೆ ಅದೇ 1.96 ಲಕ್ಷ ಶೇ 13 ಆಗುತ್ತದೆ. ಇನ್ನೊಂದು, ನೀವೋ ನಿಮ್ಮ ಮನೆಯವರೋ ಅಲ್ಲೇ ವಾಸವಿದ್ದು ಎರಡು ಕೋಣೆ ಕೊಟ್ಟರೆ. ನೋಡಿಕೊಳ್ಳುವವರ ಸಂಬಳ ಉಳಿಯುತ್ತದೆ, ಕಾನೂನಿನ ಕಣ್ಣಲ್ಲೂ ಅದು ಸರಿಯಾದ ಹೋಮ್‌ಸ್ಟೇ ಆಗುತ್ತದೆ. ದೂರದಲ್ಲಿದ್ದುಕೊಂಡು ಕೊಳ್ಳುವವರು ಬಾಡಿಗೆಯ ಹಣ ಮನೆಯನ್ನು ಸುಸ್ಥಿತಿಯಲ್ಲಿ ಇಡಲಷ್ಟೇ ಸಾಕಾಗುತ್ತದೆ, ಉಳಿದದ್ದು ಜಾಗದ ಬೆಲೆಯಲ್ಲಿ ಬರಬೇಕು ಎಂದು ತಿಳಿದೇ ಕೊಳ್ಳಲಿ.

ಎಲ್ಲಿ ಕೊಳ್ಳುವುದು

ಅಲೆ ಮನೆಯ ಮೆಟ್ಟಿಲಿಗೆ ಬರುವ ಜಾಗಕ್ಕೆ ಎಲ್ಲರೂ ಆಸೆಪಡುತ್ತಾರೆ. ನಮ್ಮ ಸಲಹೆ ಬೇರೆ: ಉಬ್ಬರದ ರೇಖೆಯಿಂದ 600 ಮೀಟರಿನಿಂದ 2 ಕಿಲೋಮೀಟರ್ ಒಳಗೆ ನೋಡಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕಡಲಿನಿಂದ 500 ಮೀಟರ್‌ವರೆಗೆ ಬರುತ್ತದೆ. ಅದರಾಚೆ ಕಾಗದದ ಕೆಲಸ ಅರ್ಧ ಕಡಿಮೆ, ತುಕ್ಕು ಕಡಿಮೆ, ಬಾವಿ ನೀರು ಸಿಹಿಯಾಗಿರುವ ಸಂಭವ ಹೆಚ್ಚು. ಅತಿಥಿಗಳಿಗೆ ಹತ್ತರಿಂದ ಇಪ್ಪತ್ತೈದು ನಿಮಿಷದ ನಡಿಗೆ ದೊಡ್ಡ ವಿಷಯವಲ್ಲ.

ಮಳೆಗಾಲವೂ ಖಾಲಿ ಬೀಳಬಾರದೆಂದರೆ ಮಣಿಪಾಲದ ಕಡೆಗೆ ಒಂದು ಕಣ್ಣಿರಲಿ. ಕೆಎಂಸಿ ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರು, ಮಾಹೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂದೆತಾಯಿ, ಘಟಿಕೋತ್ಸವಕ್ಕೆ ಬರುವವರು, ಇವರಿಗೆ ಕಡಲು ಮುಖ್ಯವಲ್ಲ. ಉಡುಪಿ ಮತ್ತು ಮಲ್ಪೆ ನಡುವಿನ ಆರು ಕಿಲೋಮೀಟರ್ ಪಟ್ಟಿಯಲ್ಲಿ ಮನೆಯಿದ್ದರೆ ಕಡಲಿಗೆ ಬಂದವರೂ ಸಿಗುತ್ತಾರೆ, ಕೃಷ್ಣಮಠಕ್ಕೆ ಬಂದವರೂ ಸಿಗುತ್ತಾರೆ, ಮಣಿಪಾಲದವರೂ ಸಿಗುತ್ತಾರೆ. ಸಮ ವರ್ಷಗಳ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯದ ಹೊತ್ತಿಗೆ ಊರಲ್ಲಿ ಕೋಣೆ ಸಿಗುವುದೇ ಕಷ್ಟ. ಮಂಗಳೂರು ಕಡೆಯಲ್ಲಿ ಸುರತ್ಕಲ್‌ಗೆ ಎನ್‌ಐಟಿಕೆ ಎಂಜಿನಿಯರಿಂಗ್ ಸಂಸ್ಥೆಯ ಬಲವಿದೆ, ಸಸಿಹಿತ್ಲಿಗೆ ಸರ್ಫಿಂಗ್‌ಗೆ ಬರುವವರಿದ್ದಾರೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲ್ಕೊರೆತ ಹಳೆಯ ಕಥೆ. ಅಲ್ಲಿ ಕಡಲಿಗೆ ತಾಗಿದ ಜಾಗ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ತಡೆಗೋಡೆಗೆ ಕಲ್ಲು ಹಾಕಿದ್ದಾರೆಂದರೆ ಅಲ್ಲಿ ಕಡಲು ಒಳಗೆ ಬಂದಿತ್ತು ಎಂದೇ ಅರ್ಥ.

ಪಡುಕೆರೆ, ಕೋಡಿಬೆಂಗ್ರೆಯಂಥ ಕಡೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ನೋಟಕ್ಕೆ ಅದಕ್ಕಿಂತ ಚೆಂದದ ಜಾಗ ಇಲ್ಲ. ಆದರೆ ಉಬ್ಬರ ಇಳಿತ ಇರುವ ಹೊಳೆಗೂ ಸಿಆರ್‌ಝಡ್ ಅನ್ವಯಿಸುವುದರಿಂದ ಎರಡೂ ಕಡೆಯಿಂದ ಅಳತೆ ಹಿಡಿಯಬೇಕು.

ಸಿಆರ್‌ಝಡ್ ಅಳತೆ

2011ರ ಅಧಿಸೂಚನೆ ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಎಂದಿತ್ತು. 2019ರ ಅಧಿಸೂಚನೆ ಗ್ರಾಮಗಳನ್ನು ಎರಡು ಮಾಡಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ 3-ಎ, ಅಲ್ಲಿ 50 ಮೀಟರ್. ಉಳಿದವು 3-ಬಿ, ಅಲ್ಲಿ 200 ಮೀಟರೇ. ಹೊಳೆಯ ಬದಿಗೆ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆ ಇರುವುದು. ಸ್ಥಳೀಯರು ತಮ್ಮ ಹಳೆಯ ಮನೆಯ ತಳಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಿಸದೆ ಹೋಮ್‌ಸ್ಟೇ ನಡೆಸಲು 2019ರ ಅಧಿಸೂಚನೆಯಲ್ಲಿ ಅವಕಾಶವಿದೆ. ಅದು ಸ್ಥಳೀಯರಿಗೆ ಎಂಬುದನ್ನು ಮರೆಯಬೇಡಿ. ಹೊರಗಿನಿಂದ ಬಂದು ಹಳೆ ಮನೆ ಕೊಂಡು, ಮೇಲೊಂದು ಮಹಡಿ ಏರಿಸುತ್ತೇನೆ ಎನ್ನುವ ಯೋಜನೆ ಇಲ್ಲಿಗೇ ನಿಲ್ಲುತ್ತದೆ.

ದಲ್ಲಾಳಿ ಹೆಜ್ಜೆ ಹಾಕಿ ತೋರಿಸಿದ ದೂರವನ್ನು ನಂಬಬೇಡಿ. ಸರ್ವೆ ನಂಬರ್ ಹಿಡಿದುಕೊಂಡು ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಹೋಗಿ, ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಆ ಜಾಗ ಎಲ್ಲಿ ಬೀಳುತ್ತದೆ ಎಂದು ಬರಹದಲ್ಲೇ ಕೇಳಿ. ಉತ್ತರ ಬರುವವರೆಗೆ ಕರಾರುಪತ್ರಕ್ಕೆ ಸಹಿ ಬೇಡ.

ಕಾಗದಪತ್ರ

ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರಿರಬೇಕು, 11ನೇ ಕಾಲಂನಲ್ಲಿ ಸಾಲವೋ ತಕರಾರೋ ಇದ್ದರೆ ಕಾಣುತ್ತದೆ. ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ. ಭೂಪರಿವರ್ತನೆಯ ಆದೇಶ ಇದೆಯೇ, ವಾಸಕ್ಕೋ ವಾಣಿಜ್ಯಕ್ಕೋ ನೋಡಿ. ಪಂಚಾಯತ್ ವ್ಯಾಪ್ತಿಯಲ್ಲಿ ಪಂಚಾಯತ್ ಕೊಡುವ ನಮೂನೆ 9 ಮತ್ತು 11, ಪಟ್ಟಣದಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಇಷ್ಟು ರಾಜ್ಯದ ಎಲ್ಲ ಕಡೆ ಒಂದೇ. ಕರಾವಳಿಯದ್ದೇ ಆದ ತೊಡಕುಗಳು ಬೇರೆ, ಹೊರಗಿನವರು ಎಡವುವುದು ಅಲ್ಲೇ.

ಕುಮ್ಕಿ ಅವುಗಳಲ್ಲಿ ಮೊದಲನೆಯದು. ಹಳೆಯ ವರ್ಗ (ಖಾಸಗಿ ಹಿಡುವಳಿ) ಜಾಗಕ್ಕೆ ತಾಗಿಕೊಂಡ ಸರ್ಕಾರಿ ಭೂಮಿ ಅದು, ಸೊಪ್ಪು ಸೌದೆಗೆ ಬಳಸುವ ಸವಲತ್ತು ಮಾತ್ರ ವರ್ಗದಾರರಿಗೆ. 12 ಸೆಂಟ್ಸ್ ಪಟ್ಟಾ, ಹಿಂದೆ 20 ಸೆಂಟ್ಸ್ ಕುಮ್ಕಿ ಫ್ರೀ ಎಂದರೆ ನೀವು ಕೊಳ್ಳುತ್ತಿರುವುದು 12 ಸೆಂಟ್ಸ್ ಮಾತ್ರ. ಬೆಲೆಯನ್ನೂ ಅಷ್ಟಕ್ಕೇ ಕಟ್ಟಿ. 94ಸಿ ಹಕ್ಕುಪತ್ರದ (ಸರ್ಕಾರಿ ಜಾಗದಲ್ಲಿ ಕಟ್ಟಿ ಆಮೇಲೆ ಸಕ್ರಮವಾದ) ಮನೆ, ದರ್ಖಾಸ್ತು (ಸರ್ಕಾರ ಮಂಜೂರು ಮಾಡಿದ) ಜಾಗಗಳಿಗೆ ಮಾರಾಟದ ನಿರ್ಬಂಧ ಇರುತ್ತದೆ, ಮಂಜೂರಾತಿ ಆದೇಶದ ಷರತ್ತುಗಳನ್ನು ವಕೀಲರಿಂದ ಒಂದೊಂದಾಗಿ ಓದಿಸಿ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯಾದರೆ ಅಂಥ ಭೂಮಿಯ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಅಳಿಯಕಟ್ಟಿನ (ಹೆಣ್ಣಿನ ವಂಶದಲ್ಲಿ ಆಸ್ತಿ ಇಳಿಯುವ) ಕುಟುಂಬದ ಹಳೆಯ ಆಸ್ತಿಯಲ್ಲಿ ತಾಯಿ ಕಡೆಯ ಪಾಲುದಾರರು ಮುಂಬೈ, ದುಬೈ ಎಲ್ಲೆಲ್ಲೋ ಇರುತ್ತಾರೆ. ಪಾಲುಪಟ್ಟಿ ನೋಂದಣಿಯಾಗಿದೆಯೇ ನೋಡಿ, ಇಲ್ಲದಿದ್ದರೆ ಎಲ್ಲರ ಸಹಿ ಬೇಕು.

ಜಾಗದೊಳಗೆ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಕೇಳಲು ಸಂಕೋಚ ಬೇಡ. ನಾಗರ ಪಂಚಮಿಗೆ ತನು ಹಾಕಲು (ಹಾಲು, ಎಳನೀರು ಎರೆಯಲು), ವರ್ಷಕ್ಕೊಮ್ಮೆ ತಂಬಿಲದ ಸೇವೆಗೆ ಕುಟುಂಬದವರು ಬಂದೇ ಬರುತ್ತಾರೆ. ಬನದ ವಿಸ್ತೀರ್ಣ, ಅಲ್ಲಿಗೆ ಹೋಗುವ ದಾರಿ, ಬರುವ ದಿನಗಳು ಕ್ರಯಪತ್ರದಲ್ಲೇ ಬರೆದಿರಲಿ. ಬನದ ಸುತ್ತ ಕಟ್ಟೆ, ಬೇಲಿ ಹಾಕಿ ಅತಿಥಿಗಳು ಅತ್ತ ಹೋಗದಂತೆ ನೋಡಿಕೊಳ್ಳುವುದು ಕೊಂಡವರ ಜವಾಬ್ದಾರಿ. ಇದರಲ್ಲಿ ಉಡಾಫೆ ಮಾಡಿದವರಿಗೆ ಊರಿನಲ್ಲಿ ಮತ್ತೆ ಯಾರೂ ಜೊತೆಗೆ ನಿಲ್ಲುವುದಿಲ್ಲ.

ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ (ಇಲ್ಲಿ ಅದು ಬಹಳ ಸಾಮಾನ್ಯ) ಹಣ ಕೊಡುವಾಗ ನೀವು ಮುರಿದುಕೊಳ್ಳಬೇಕಾದ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಶೇ 1 ಅಲ್ಲ, ಅದಕ್ಕಿಂತ ತುಂಬ ಹೆಚ್ಚು. ಶೇ 1 ಎನ್ನುವುದು 50 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿಯನ್ನು ಇಲ್ಲಿನ ನಿವಾಸಿಯಿಂದ ಕೊಂಡಾಗ ಮಾತ್ರ. ತಪ್ಪಿದರೆ ಇಲಾಖೆ ಹಿಡಿಯುವುದು ಕೊಂಡವರನ್ನೇ. ಅಡ್ವಾನ್ಸ್‌ಗೆ ಮುಂಚೆಯೇ ಆಡಿಟರ್ ಬಳಿ ಹೋಗಿ.

ಮನೆ ನೋಡುವ ಎರಡು ದಿನ

ಮೇ ಎರಡನೇ ವಾರದಲ್ಲಿ ಒಮ್ಮೆ ಬಾವಿಗೆ ಹೋಗಿ. ಕೊಡಪಾನ ತಳ ಮುಟ್ಟುವವರೆಗೆ ಇಳಿಸಿ ನೀರು ಸೇದಿ, ಮೇಲ್ಪದರದ ನೀರು ಮೋಸ ಮಾಡುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ. ಆಮೇಲೆ ಪಂಪನ್ನು ಒಂದು ಗಂಟೆ ಓಡಿಸಿ ಮತ್ತೆ ಅಳೆಯಿರಿ. 400 ಇದ್ದದ್ದು 900 ಆಯಿತೆಂದರೆ ಕೆಳಗಿನಿಂದ ಉಪ್ಪುನೀರು ಏರುತ್ತಿದೆ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಜೋರಾಗಿ ಎಳೆದಷ್ಟೂ ಉಪ್ಪು ಮೇಲೆ ಬರುತ್ತದೆ, ಬಾವಿ ಆಳ ಮಾಡಿದರೆ ಇನ್ನೂ ಕೆಡುತ್ತದೆ. ಪರಿಹಾರ ಅರ್ಧ ಎಚ್‌ಪಿ ಪಂಪ್, 2,000 ಲೀಟರ್ ಟ್ಯಾಂಕ್, ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ತುಂಬಿಸುವುದು. ಆರು ಜನ ಅತಿಥಿಗಳಿಗೆ ದಿನಕ್ಕೆ 900 ಲೀಟರ್ ಬೇಕೆಂದು ಹಿಡಿಯಿರಿ. ಉಪ್ಪುನೀರಿಗೆ ಗೀಸರ್ ಕಾಯಿಲ್ ಬಾಳುವುದಿಲ್ಲ, ನಲ್ಲಿಗಳೂ ಬೇಗ ಕೆಡುತ್ತವೆ.

ಜುಲೈ ನಡುವಿನಲ್ಲಿ, ಎರಡು ಮೂರು ದಿನ ಬಿಡದೆ ಮಳೆ ಹೊಯ್ದ ಮೇಲೆ, ಎರಡನೇ ಸಲ ಹೋಗಿ. ನೇರ ಪಶ್ಚಿಮದ ಗೋಡೆಗೆ ನಡೆಯಿರಿ. ಇರಚಲು ಹೊಡೆಯುವುದು ಅಲ್ಲಿಗೆ. ಒಳಗಡೆ ಕಿಟಕಿಯ ಕೆಳಗೆ ಅಂಗೈ ಇಟ್ಟು ನೋಡಿ, ಬಣ್ಣದ ಕೆಳಗೆ ಗುಳ್ಳೆ ಎದ್ದಿದೆಯೇ, ಬಿಳಿ ಉಪ್ಪಿನ ಪುಡಿ ಕೈಗೆ ಹತ್ತುತ್ತದೆಯೇ. ನೆಲದಿಂದ ಒಂದಡಿ ಎತ್ತರದವರೆಗೆ ಒಂದೇ ಸಮ ತೇವ ಇದ್ದರೆ ಅದು ಮಳೆಯದ್ದಲ್ಲ, ತಳದಿಂದ ಏರಿದ್ದು, ಸುಲಭಕ್ಕೆ ಹೋಗುವುದಿಲ್ಲ. ಸಣ್ಣ ಸುತ್ತಿಗೆಯಿಂದ ಸಜ್ಜಾದ ಅಡಿಭಾಗ, ಬಚ್ಚಲಿನ ಸೀಲಿಂಗ್ ತಟ್ಟಿ. ಟಣ್ ಎಂದರೆ ಗಟ್ಟಿ, ಡೊಬ್ ಎಂದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಬಿಡಿಸಿದೆ. ಉಪ್ಪಿನ ಮರಳು, ಉಪ್ಪಿನ ನೀರಲ್ಲಿ ಕಟ್ಟಿದ ಮನೆಗಳಲ್ಲಿ ಇದು ಎಲ್ಲ ಕಂಬಗಳಲ್ಲೂ ಇರುತ್ತದೆ. ಅಂಥ ಮನೆಯನ್ನು ಜಾಗದ ಬೆಲೆಗೆ ಮಾತ್ರ ಕೇಳಿ. ಹಂಚಿನ ಮನೆಯಾದರೆ ಅಟ್ಟಕ್ಕೆ ಹತ್ತಿ ಹಂಚು ಹೊರುವ ಮರಗಳಾದ ಪಕ್ಕಾಸು, ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ, ಸಲೀಸಾಗಿ ಇಳಿದರೆ ಗೆದ್ದಲು ತಿಂದಿದೆ ಇಲ್ಲವೇ ಮರ ಕೊಳೆತಿದೆ. ನಮ್ಮ ಅಭಿಪ್ರಾಯದಲ್ಲಿ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಸುತ್ತ ಅಗಲ ಜಗಲಿ ಇರುವ ಹಳೆ ಮನೆ ಈ ಹವೆಗೆ ಹೊಸ ತಾರಸಿ ಮನೆಗಿಂತ ಚೆನ್ನಾಗಿ ನಿಲ್ಲುತ್ತದೆ, ಅತಿಥಿಗಳೂ ಅದನ್ನೇ ಇಷ್ಟಪಡುತ್ತಾರೆ.

ಅದೇ ದಿನ ಶೌಚಾಲಯದ ಫ್ಲಶ್ ಮೂರು ಸಲ ಬೆನ್ನುಬೆನ್ನಿಗೆ ಒತ್ತಿ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಇಂಗುಗುಂಡಿ ತುಂಬಿಕೊಳ್ಳುತ್ತದೆ, ಮೂರನೇ ಸಲಕ್ಕೆ ನೀರು ನಿಂತರೆ ಗುಂಡಿ ಬದಲಿಸಬೇಕು. ಗುಂಡಿಗೂ ಬಾವಿಗೂ 50 ಅಡಿಯಾದರೂ ಅಂತರ ಇಲ್ಲದ 5 ಸೆಂಟ್ಸ್ ಮನೆಗಳು ಬಹಳ. ಅಕ್ಕಪಕ್ಕದವರ ಗುಂಡಿ ಎಲ್ಲಿದೆ ಎಂಬುದನ್ನೂ ನೋಡಿ.

ಪರವಾನಗಿ, ತೆರಿಗೆ

ಹೋಮ್‌ಸ್ಟೇ ಎಂದರೆ ಮಾಲೀಕರು ವಾಸವಿರುವ ಮನೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಪಂಚಾಯತ್ ಮತ್ತು ಪೊಲೀಸ್ ಠಾಣೆಯ ನಿರಾಕ್ಷೇಪಣಾ ಪತ್ರ ಬೇಕು. ಯಾರೂ ಇಲ್ಲದ ಇಡೀ ಮನೆಯನ್ನು ದಿನದ ಲೆಕ್ಕದಲ್ಲಿ ಕೊಟ್ಟರೆ ಅದು ವಾಣಿಜ್ಯ ವಸತಿ, ವ್ಯಾಪಾರ ಪರವಾನಗಿ ಬೇಕು, ಮೆಸ್ಕಾಂ ಮೀಟರಿನ ವರ್ಗವನ್ನೂ ಉಪವಿಭಾಗದಲ್ಲಿ ಕೇಳಿ ಸರಿಪಡಿಸಿಕೊಳ್ಳಿ. ಪ್ರತಿ ಅತಿಥಿಯ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸಬೇಕು, ಮಣಿಪಾಲದ ಹತ್ತಿರ ಇದು ಆಗಾಗ ಬರುತ್ತದೆ. ಊಟ ಕೊಡುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ವರ್ಷದ ವಹಿವಾಟು 20 ಲಕ್ಷ ಮೀರದಿದ್ದರೆ ನೀವು ನೋಂದಾಯಿಸಬೇಕಿಲ್ಲ, ಆ್ಯಪ್ ಮೂಲಕ ಬಂದ ಬುಕಿಂಗ್‌ಗೆ ಆ್ಯಪ್‌ನವರೇ ಕಟ್ಟುತ್ತಾರೆ.

ಮನೆ ಸಜ್ಜು ಮಾಡುವುದು

ಕಡಲಿಗೆ ಒಂದು ಕಿಲೋಮೀಟರ್ ಒಳಗಿದ್ದರೆ ಹೊರಗಿನ ಬೋಲ್ಟು, ಕೀಲುಗಳು 316 ದರ್ಜೆಯ ಸ್ಟೀಲ್ ಆಗಿರಲಿ, 304ಕ್ಕೂ ಕಲೆ ಬರುತ್ತದೆ. ಕಿಟಕಿಗೆ ಯುಪಿವಿಸಿ. ಕಪಾಟಿಗೆ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ಮೊದಲ ಮಳೆಗೇ ಉಬ್ಬುತ್ತದೆ, ಐಎಸ್ 710 ಮುದ್ರೆಯ ಪ್ಲೈವುಡ್ ಹಾಕಿಸಿ. ಎಸಿಯ ಹೊರಗಿನ ಯೂನಿಟ್ ಪೂರ್ವದ ಗೋಡೆಗೆ ಇರಲಿ, ತಾಮ್ರದ ಕಾಯಿಲ್ ಇರುವುದನ್ನೇ ಕೊಳ್ಳಿ, ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಸಿಡಿಲು ಹೆಚ್ಚು. ಅರ್ಥಿಂಗ್ ಹೊಸದಾಗಿ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೂರು ಫ್ಯಾನು, ಕೆಲವು ದೀಪ, ಅಂದರೆ 250 ವಾಟ್ ಲೋಡನ್ನು ಐದು ಗಂಟೆ ಎಳೆಯುತ್ತದೆ. ಹಾಸಿಗೆಗೆ ತಲಾ ಮೂರು ಜೊತೆ ಹೊದಿಕೆ ಬೇಕು, ಒಂದು ಮಂಚದ ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಅಂಗಳದ ತೆಂಗಿನಮರದ ಕೆಳಗೆ ಕಾರು ನಿಲ್ಲಿಸಲು ಬಿಡಬೇಡಿ, 45 ದಿನಕ್ಕೊಮ್ಮೆ ಕಾಯಿ ಕೀಳಿಸಿ.

ಅಡುಗೆಮನೆಯ ವಿಷಯ ಮೊದಲೇ ತೀರ್ಮಾನವಾಗಲಿ. ಮಠಕ್ಕೆ ಬರುವವರು ಇಲ್ಲಿ ಮೀನು ಮಾಡುತ್ತೀರಾ ಎಂದು ಕೇಳಿಯೇ ಬುಕ್ ಮಾಡುತ್ತಾರೆ, ಮಲ್ಪೆಗೆ ಬರುವವರು ಬಂಗುಡೆ, ಅಂಜಲ್ ಸಿಗುತ್ತದಾ ಎಂದು ಕೇಳುತ್ತಾರೆ. ಎರಡಕ್ಕೂ ಹೂಂ ಎನ್ನಲು ಹೋದರೆ ಇಬ್ಬರೂ ತಕರಾರು ಮಾಡುತ್ತಾರೆ. ಒಂದನ್ನು ಆರಿಸಿ ಜಾಹೀರಾತಿನಲ್ಲೇ ಬರೆಯಿರಿ.

ನೀರಿನ ಅಪಾಯದ ಬಗ್ಗೆ ಒಂದು ಫಲಕ ಬಾಗಿಲ ಹಿಂದೆ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿ ಇರಲೇಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯಬಾರದು, ಕುಡಿದು ಇಳಿಯಬಾರದು, ಜೀವರಕ್ಷಕರಿಲ್ಲದ ಕಡೆ ಮೊಣಕಾಲಿಗಿಂತ ಆಳಕ್ಕೆ ಹೋಗಬಾರದು, ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಹೋರಾಡದೆ ಅಡ್ಡಕ್ಕೆ ಈಜಬೇಕು. ಬೀಗದ ಕೈ ಕೊಡುವಾಗ ಇದನ್ನು ಬಾಯಲ್ಲೂ ಹೇಳಿ. ಜಗಲಿಯಲ್ಲಿ ಒಂದು ಲೈಫ್‌ಬಾಯ್, 20 ಮೀಟರ್ ಹಗ್ಗ ನೇತುಹಾಕಿ.

ಮಳೆಗಾಲಕ್ಕೆ ಮುಚ್ಚುವುದು, ತೆರೆಯುವುದು

ಮೇ 25ರ ಒಳಗೆ ಹಂಚು ಸರಿಸಿ ಒಡೆದದ್ದನ್ನು ಬದಲಿಸಬೇಕು, ದಂಬೆಯಲ್ಲಿ (ಮಾಡಿನಂಚಿನ ನೀರಿನ ದೋಣಿಯಲ್ಲಿ) ಬಿದ್ದ ಎಲೆ ತೆಗೆಯಬೇಕು, ಪಶ್ಚಿಮದ ಜಗಲಿಗೆ ತೆಂಗಿನ ಮಡಲಿನ ತಟ್ಟಿಯೋ ಟಾರ್ಪಾಲೋ ಕಟ್ಟಬೇಕು. ಹಾಸಿಗೆಗಳನ್ನು ಗೋಡೆಯಿಂದ ಅರ್ಧ ಅಡಿ ದೂರ ನಿಲ್ಲಿಸಿ. ಮನೆ ಖಾಲಿ ಇದ್ದರೂ ವಾರಕ್ಕೆರಡು ಸಲ ಕಿಟಕಿ ತೆರೆದು ಫ್ಯಾನ್ ಹಾಕಲು ಯಾರಾದರೂ ಬರಬೇಕು, ಇದಕ್ಕೆಂದೇ ಮಳೆಗಾಲದಲ್ಲೂ ಸಂಬಳ ಕೊಡಿ. ನಾಲ್ಕು ತಿಂಗಳಿಗೆ ಮಾಸಿಕ ಬಾಡಿಗೆಗೆ ಯಾರಾದರೂ ಸಿಕ್ಕಿದರೆ ಕಡಿಮೆಗಾದರೂ ಕೊಡಿ, ಜನ ಇರುವ ಮನೆಗೆ ಬೂಸ್ಟು ಬರುವುದು ಕಡಿಮೆ.

ಸೆಪ್ಟೆಂಬರ್ 15ಕ್ಕೆ ತಟ್ಟಿ ಬಿಚ್ಚಿ, ಗೋಡೆಯನ್ನು ಎರಡು ವಾರ ಬಿಸಿಲಿಗೆ ಒಣಗಲು ಬಿಟ್ಟು ಆಮೇಲೆ ಬಣ್ಣ ಹೊಡೆಸಿ. ತೇವದ ಮೇಲೆ ಹೊಡೆದ ಬಣ್ಣ ಡಿಸೆಂಬರ್ ಹೊತ್ತಿಗೆ ಸಿಪ್ಪೆಯಾಗಿ ಏಳುತ್ತದೆ, ಅತಿಥಿಗಳು ತೆಗೆದ ಫೋಟೋದಲ್ಲಿ ಮೊದಲು ಕಾಣುವುದೂ ಅದೇ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ದಿನ ಬಿಟ್ಟು ನೀರು ತೆಗೆಸಿ. ಮೊದಲ ಬುಕಿಂಗ್‌ಗೆ ಮುಂಚೆ ಒಂದು ರಾತ್ರಿ ಮನೆಯವರೇ ಹೋಗಿ ಮಲಗಿ ಗೀಸರ್, ಎಸಿ, ಇನ್ವರ್ಟರ್ ಎಲ್ಲವನ್ನೂ ಒಟ್ಟಿಗೆ ಓಡಿಸಿ ನೋಡಿ.